ಕಿಟಕಿಯ ಕೆಂಪು ಹೂವು

ಎಂಬತ್ತರ ದಶಕದಲ್ಲಿ ನಾನು ಸೌದಿ ಅರೇಬಿಯಾದ ಹಾಯಿಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಮಂಗಳೂರಿನಿಂದ ಹೊರಡುವಾಗ ಅಮ್ಮ ನನ್ನ ಕುತ್ತಿಗೆಯ ಶಿಲುಬೆಯನ್ನು ಬಿಚ್ಚಿಸಿಕೊಂಡು, "ಅಲ್ಲಿ ಇದನ್ನೆಲ್ಲ ಹಾಕ್ಲಿಕ್ಕಿಲ್ಲ, ಜಾಗ್ರತೆ" ಎಂದಿದ್ದಳು. ಅಷ್ಟು ಸಾಕಾಯಿತು. ನಾನು ಮೊದಲೇ ಪುಕ್ಕಲಿ. ಯಾರಾದರೂ ಬಾಗಿಲು ಬಡಿದರೂ, ಅಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ರದ್ದು ಮಾಡಿ ವಿಮಾನ ಹತ್ತಿಸಲಿಕ್ಕೇ ಬಂದರೆಂದು ಎಣಿಸುತ್ತಿದ್ದೆ.

ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆಗಿದ್ದವಳು ತೈವಾನಿನ ನರ್ಸ್. ನನ್ನ ಹೆದರಿಕೆಯ ಕತೆಯೆಲ್ಲ ಅವಳಿಗೆ ಗೊತ್ತಿತ್ತು. ಅವರ ಹೊಸ ವರ್ಷಕ್ಕೆ ಕೆಂಪು ಕಾಗದದ ಹೂ ಕತ್ತರಿಸಿ ಕಿಟಕಿಗೆ ಅಂಟಿಸಬೇಕಂತೆ. ಗೆರೆ ಗಿರೆ ಏನೂ ಎಳೆಯಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ, ಕತ್ತರಿಯನ್ನು ಅಲುಗಿಸದೆ ಕಾಗದವನ್ನೇ ತಿರುಗಿಸುತ್ತ ಹೋದಳು. ಬಿಡಿಸಿದರೆ ಎಸಳಿನೊಳಗೆ ಎಸಳು. ಮೈದಾ ಅಂಟು ಹಚ್ಚಿ ಗಾಜಿಗೆ ಅಂಟಿಸಿದಳು. ನನಗೂ ಖುಷಿಯಾಯಿತು.

ಮರುದಿನ ಡ್ಯೂಟಿ ಮುಗಿಸಿ ಬಸ್ಸಿಳಿದವಳು ತಲೆಯೆತ್ತಿ ನೋಡಿದೆ. ದೂರದಿಂದ ಎಸಳುಗಳು ಕಾಣುತ್ತಿರಲಿಲ್ಲ. ಹೂವಿನ ನಡುವೆ ಮಡಿಕೆಗುಂಟ ಉಳಿದಿದ್ದ ಪಟ್ಟಿಗಳಷ್ಟೇ ಎದ್ದು ಕಾಣುತ್ತಿದ್ದವು. ಶಿಲುಬೆ! ಅದೂ ರಸ್ತೆಗೆ ಮುಖ ಮಾಡಿದ ಕಿಟಕಿಯಲ್ಲಿ. ಅಂದೇ ಸಂಜೆ ಈಜಿಪ್ಟಿನ ಮೇಟ್ರನ್ ಕೋಣೆಗಳನ್ನು ತಪಾಸಣೆ ಮಾಡಲು ಬರುವವರಿದ್ದರು.

ಮೆಟ್ಟಿಲು ಹತ್ತಿ ಓಡಿದೆ. "ಎಂತ ಮಾರಾಯ್ತಿ ನೀನು ಮಾಡಿದ್ದು?" ಎಂದು ಕನ್ನಡದಲ್ಲೇ ಬೈದೆ. ಅವಳಿಗೆ ಮಾತು ತಿಳಿಯದಿದ್ದರೂ, ಬೆರಳಿಗೆ ಬೆರಳು ಅಡ್ಡ ಇಟ್ಟು ತೋರಿಸಿದ್ದು ತಿಳಿಯಿತು. ಒದ್ದೆ ಬಟ್ಟೆಯೊತ್ತಿ ಹೂವನ್ನು ಮೆಲ್ಲನೆ ಕಿತ್ತು, ಮತ್ತೆ ಮಡಚಿ, ನಡುವಿನ ಮೂಲೆಯನ್ನು ದುಂಡಗೆ ಕತ್ತರಿಸಿದಳು. ಬಿಡಿಸಿ ಅಂಟಿಸಿದಾಗ ಶಿಲುಬೆಯ ಜಾಗದಲ್ಲಿ ದುಂಡು ತೂತು. ನಾನು ಉಸಿರು ಬಿಡುವಷ್ಟರಲ್ಲಿ, ಕೆಳಗೆ ಬಿದ್ದ ಮಡಚಿದ ಚೂರನ್ನು ಹೆಕ್ಕಿ, ಅದಕ್ಕೂ ಕತ್ತರಿ ಆಡಿಸಿ, ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಉಗುರಿನಷ್ಟು ದೊಡ್ಡ ಶಿಲುಬೆ.

"ಇದು ನಿನ್ನದು," ಎಂದಳು, ಹರಕು ಇಂಗ್ಲಿಷಿನಲ್ಲಿ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮುಷ್ಟಿ ಬಿಗಿದೆ. ಒಳಗೆ ಬಂದ ಮೇಟ್ರನ್ ಹೂವು ಚೆಂದವಿದೆ ಎಂದರು, ಕಪಾಟು ತೆರೆಸಿದರು, ಹಾಸಿಗೆ ಎತ್ತಿಸಿದರು. ಹೊರಡುವಾಗ ನನ್ನ ಬೆರಳ ಸಂದಿಯಲ್ಲಿ ಹತ್ತಿದ್ದ ಕೆಂಪನ್ನು ಕಂಡು ನಿಂತುಬಿಟ್ಟರು. ಒದ್ದೆ ಕಾಗದ ಬೆವರಿಗೆ ಇನ್ನಷ್ಟು ಬಣ್ಣ ಬಿಟ್ಟಿತ್ತು.

ಮದರಂಗಿಯೇ ಎಂದು ಕೇಳಿದರು. ಹೌದೆಂದೆ. ಮದುವೆ ಯಾವಾಗ ಎಂದು ನಗುತ್ತ ಹೊರಟರು.

ಮುಷ್ಟಿ ಬಿಚ್ಚಿದರೆ ಕಾಗದ ಅಂಗೈಗೆ ಅಂಟಿಕೊಂಡಿತ್ತು. ಸುಲಿದು ತೆಗೆದೆ, ಗುರುತು ಹಾಗೇ ಉಳಿಯಿತು. ವಾರ್ಡಿನಲ್ಲಿ ಎಷ್ಟು ಸಲ ಕೈ ತೊಳೆದರೂ ಕೆಲವು ದಿನ ಹೋಗಲಿಲ್ಲ. ನೋಡಿದವರೆಲ್ಲ ಮದರಂಗಿಯೆಂದೇ ತಿಳಿದರು. ಆ ದೇಶದಲ್ಲಿ ನಾನು ಎಲ್ಲರೆದುರು ಶಿಲುಬೆ ಧರಿಸಿದ್ದು ಆ ಕೆಲವು ದಿನ ಮಾತ್ರ.