ಅರವಟ್ಟಿಗೆಯ ಮುದುಕಿ

ಬಸ್ಸಿಲ್ಲದ ಆ ಕಾಲದಲ್ಲಿ ಕಟ್ಟೆಮಳಲವಾಡಿಯಿಂದ ಹುಣಸೂರು ಸಂತೆಗೆ ಹೋಗುವ ದಾರಿಯಲ್ಲಿ, ಬೇಸಿಗೆ ಬಂತೆಂದರೆ ಒಬ್ಬ ಮುದುಕಿ ಆಲದ ಮರದಡಿ ಅರವಟ್ಟಿಗೆ ಇಡುತ್ತಿದ್ದಳು. ಗಾಡಿ ನಿಲ್ಲಿಸಿ ಬೊಗಸೆಯೊಡ್ಡಿದವರಿಗೆಲ್ಲ ನೀರುಮಜ್ಜಿಗೆ ಹೊಯ್ಯುವಳು. ಅವಳ ಕಣ್ಣು ಮಾತ್ರ ಕುಡಿಯುವವರ ಗಂಟಲ ಮೇಲೆಯೇ ಇರುತ್ತಿತ್ತು. "ನಿಧಾನ ಕಣಪ್ಪಾ, ನೆತ್ತಿಗತ್ತೀತು" ಎನ್ನುವಳು. ಕುಡಿದವರು ಮೀಸೆ ಒರೆಸಿಕೊಂಡು, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ಗಾಡಿ ಹತ್ತುವರು. ಹೆತ್ತ ಮಕ್ಕಳು ಚೆನ್ನಾಗಿರಲಿ ಎಂದು ತಾಯಂದಿರನ್ನು ಹರಸುವ ಮಾತು ಅದು.

ಒಂದು ವರ್ಷ ಅವಳ ಒಬ್ಬನೇ ಮಗ, ಅಂತರಸಂತೆಯ ಕಾಡಿನಿಂದ ಮರ ಸಾಗಿಸಲು ಹೋದವನು, ಚಳಿಜ್ವರ ಬಂದು ಅಲ್ಲೇ ತೀರಿಕೊಂಡ. ಸುದ್ದಿ ಕೇಳಿದ್ದ ನಾನು, ಆ ಬೇಸಿಗೆ ಅರವಟ್ಟಿಗೆ ಇರಲಾರದು ಎಂದುಕೊಂಡೇ ಸಂತೆಗೆ ಹೊರಟೆ. ಇತ್ತು. ದಾರಿಹೋಕರಿಗೇನು ಗೊತ್ತು, ನನಗಿಂತ ಮೊದಲು ಕುಡಿದ ಇಬ್ಬರು ಅದೇ ಮಾತು ಹೇಳಿ ಹೋದರು. ನಾನು ಕುಡಿದು, ಸುಮ್ಮನೆ ಕೈಮುಗಿದೆ.

ಅವಳು ಸೌಟು ಹಿಡಿದು ಕಾಯುತ್ತ ನಿಂತಳು.

"ನೀನ್ಯಾಕಪ್ಪಾ ಅನ್ನಲಿಲ್ಲ?"

ನಾನು ಮೀಸೆ ಒರೆಸಿಕೊಂಡೆ.

"ಅನ್ನಪ್ಪಾ. ಯಾರಾದ್ರೂ ಅಂಗಂದಾಗ, ಒಂದು ಗಳಿಗೆ ಮಗ ಇನ್ನೂ ಬದುಕವ್ನೆ ಅನ್ನಿಸ್ತದೆ."

ಹೇಳಹೊರಟರೆ ಗಂಟಲು ಕಟ್ಟಿತು. ಅವಳು ನನ್ನ ಗಂಟಲನ್ನೇ ನೋಡುತ್ತ, "ನಿಧಾನ ಕಣಪ್ಪಾ" ಎಂದಳು.