ಕಪ್ಪು ಪಟ್ಟಿಯೊಳಗಿನ ಮುಖ

ನಾವು ಮೊದಲು ಕೊಂಡ ಕಾರು ಹೊಸದಲ್ಲ. ಆಗ ನಾನೂ ನನ್ನ ಗಂಡನೂ ಗುರ್‌ಗಾಂವ್‌ನಲ್ಲಿ ಬೇರೆ ಬೇರೆ ಕಂಪನಿಗಳಲ್ಲಿದ್ದೆವು. ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರಲಿಲ್ಲ, ಅದರ ಕಂಬಗಳಷ್ಟೇ ಬಂದಿದ್ದವು. ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಅಧಿಕಾರಿ ನಿವೃತ್ತರಾಗಿ ಡೆಹ್ರಾಡೂನ್‌ಗೆ ಹೊರಟಿದ್ದರು. ಅವರ ಕಾರನ್ನು ನಾವು ತೆಗೆದುಕೊಂಡೆವು.

ಒಳ್ಳೆಯ ಕಾರು. ಸೀಟಿನ ಬಟ್ಟೆ ಕೂಡ ಮಾಸಿರಲಿಲ್ಲ. ಡ್ಯಾಶ್‌ಬೋರ್ಡಿನ ಉದ್ದಕ್ಕೂ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ, ಅಂಗೈ ಅಗಲದ ಕಪ್ಪು ಪಟ್ಟಿಯೊಂದಿತ್ತು. ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಮಿರುಗುವ ಪ್ಲಾಸ್ಟಿಕ್ಕು. ಆದರೆ ಎಡಗಡೆಯ ಸೀಟಿನ ಎದುರಿಗೆ ಮಾತ್ರ ಅದು ಮಂಕಾಗಿತ್ತು. ಹತ್ತಿರದಿಂದ ನೋಡಿದರೆ ಕೂದಲೆಳೆಯಷ್ಟು ಸಣ್ಣ ಗೀರುಗಳು, ಒಂದರ ಮೇಲೊಂದು.

ನಾನು ಅಲ್ಲಿ ಬೆರಳಾಡಿಸುವುದನ್ನು ಕಂಡ ಆ ಹಿರಿಯರು, ‘ಬೇಟಾ, ಇಸೇ ಐಸೇ ಹೀ ರಹನೇ ದೋ’ ಅಂದರು. ಹಾಗೇ ಇರಲಿ ಬಿಡು ಅಂತ. ಹಳೆಯ ಗಾಡಿಗೆ ಯಾಕೆ ಸುಮ್ಮನೆ ಖರ್ಚು ಅನ್ನುತ್ತಿದ್ದಾರೆ ಎಂದುಕೊಂಡೆ. ನಕ್ಕು ತಲೆಯಾಡಿಸಿದೆ.

ನನ್ನ ಸ್ವಭಾವಕ್ಕೆ ಅದನ್ನು ಹಾಗೇ ಬಿಡಲು ಆಗುವಂತಿರಲಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಆ ಗೀರುಗಳೆಲ್ಲ ಜೇಡನ ನೂಲಿನ ಹಾಗೆ ಎದ್ದು ಕಾಣುತ್ತಿದ್ದವು. ಆಫೀಸಿನ ಗೆಳತಿಯೊಬ್ಬಳು ಟೂತ್‌ಪೇಸ್ಟ್ ಹಚ್ಚು ಅಂದಳು. ಹಚ್ಚಿದೆ. ಸಂದಿಗೊಂದಿಗಳಲ್ಲಿ ಬಿಳಿ ಕೂತುಕೊಂಡಿತೇ ಹೊರತು ಗೀರು ಹೋಗಲಿಲ್ಲ. ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿ, ಓದಿ, ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪಾಲಿಶ್, ಸ್ಪಂಜಿನ ಬಿಲ್ಲೆ, ಮೆತ್ತನೆಯ ಬಟ್ಟೆಗಳನ್ನು ತಂದೆ. ಭಾನುವಾರ ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಕಾರಿನ ಬಾಗಿಲು ತೆರೆದಿಟ್ಟು ಕೂತೆ. ಮೊದಲು ಒದ್ದೆ ಬಟ್ಟೆಯಿಂದ ಧೂಳು ತೆಗೆಯಬೇಕು, ಇಲ್ಲದಿದ್ದರೆ ಆ ಧೂಳೇ ಹೊಸ ಗೀರು ಹಾಕುತ್ತದೆ. ಸುತ್ತ ಟೇಪ್ ಅಂಟಿಸಬೇಕು. ಪಾಲಿಶ್ ಒಂದು ಹನಿ ಸಾಕು. ಒತ್ತಬಾರದು, ಅವಸರ ಮಾಡಬಾರದು. ಉಜ್ಜಿ ಉಜ್ಜಿ ಬಿಸಿಯಾದರೆ ಪ್ಲಾಸ್ಟಿಕ್ಕು ಮತ್ತಷ್ಟು ಮಂಕಾಗುತ್ತದೆ.

ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತ ಉಜ್ಜುವಾಗ ಒಂದು ಸಂಗತಿ ಗಮನಕ್ಕೆ ಬಂತು. ಬಟ್ಟೆಯಿಂದ ಒರೆಸಿ ಒರೆಸಿ ಬಿದ್ದ ಗೀರುಗಳಾಗಿದ್ದರೆ ಪಟ್ಟಿಯ ತುಂಬ ಇರಬೇಕಿತ್ತು. ಇವು ಒಂದೇ ಕಡೆ ಇದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಮೂಲೆಯನ್ನೂ ಬಿಡದೆ. ಯಾರೋ ಕೂತು ಶ್ರದ್ಧೆಯಿಂದ ಹಾಕಿದಂತಿದ್ದವು. ಕೆಳಗಿನ ಆ ಗವಿಯಂಥ ಜಾಗದಲ್ಲಿ ಕೂತಿರಲು ಮನಸ್ಸಾಗಲಿಲ್ಲ. ಎದ್ದು ಸ್ವಲ್ಪ ಹೊತ್ತು ಬಿಸಿಲಿಗೆ ಹೋಗಿ ನಿಂತು ಬಂದೆ.

ಕೆಲವು ಭಾನುವಾರಗಳಲ್ಲಿ ಗೀರೆಲ್ಲ ಹೋದವು. ಪಟ್ಟಿ ನಿಂತ ನೀರಿನ ಹಾಗೆ ಕಪ್ಪಗೆ, ಆಳವಾಗಿ ಕಾಣತೊಡಗಿತು. ನಾನು ಎತ್ತರದವಳು. ಆ ಸೀಟಿನಲ್ಲಿ ಕೂತರೆ ಅದರಲ್ಲಿ ನನ್ನ ಕತ್ತು, ದುಪಟ್ಟಾ ಇಷ್ಟೇ ಕಾಣುತ್ತಿತ್ತು.

ಆ ಚಳಿಗಾಲದಲ್ಲಿ ದಾವಣಗೆರೆಯಿಂದ ನನ್ನ ಅತ್ತೆ ಬಂದರು. ಅಲ್ಲಿ ದೊಡ್ಡ ಮಗನ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆಯ ನಡುವೆ ಇದ್ದವರು, ಒಂದು ಸಲ ದಿಲ್ಲಿ ನೋಡುತ್ತೇನೆ ಎಂದು ಹೊರಟಿದ್ದರು. ನಿಜಾಮುದ್ದೀನ್ ಸ್ಟೇಷನ್ನಿನಿಂದ ಕರೆತರುವಾಗ ಅವರನ್ನು ಮುಂದೆ ಕೂರಿಸಿದೆವು. ಮಂಜು ಎಷ್ಟಿತ್ತೆಂದರೆ ಮುಂದಿನ ಬಸ್ಸಿನ ಕೆಂಪು ದೀಪ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಅತ್ತೆ ಕುಳ್ಳಗಿನ ಹೆಂಗಸು. ಮೊದಲು ರೈಲಿನ ಊಟದ ಬಗ್ಗೆ, ಪಕ್ಕದ ಬರ್ತಿನವರ ಗೊರಕೆಯ ಬಗ್ಗೆ ಮಾತಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಸುಮ್ಮನಾದರು. ಮನೆ ಬರುವವರೆಗೂ ಆ ಕಪ್ಪು ಪಟ್ಟಿಯನ್ನೇ ನೋಡುತ್ತ ಕೂತರು. ಇಳಿಯುವಾಗ ಮಗನನ್ನು ಕೇಳಿದರು: ‘ಈ ಕಾರಲ್ಲಿ ಮೊದಲು ಯಾರು ಕೂರ್ತಿದ್ರೋ?’

‘ಯಾರೋ ಸಾಹೇಬ್ರು, ಅವರ ಹೆಂಡ್ತಿ. ಯಾಕಮ್ಮ?’

‘ಏನಿಲ್ಲ ಬಿಡು.’

ಒಂದು ಶನಿವಾರ ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನಿಂದ ಗಾರ್ಡ್ ಭಯ್ಯಾ ಇಂಟರ್‌ಕಾಮ್ ಮಾಡಿದ. ‘ಮೇಡಂ, ಮಾತಾಜಿ ಗಾಡೀ ಮೇಂ ಬೈಠೀ ಹೈಂ. ಕಿಸೀ ಸೇ ಬಾತ್ ಕರ್ ರಹೀ ಹೈಂ.’ ಅತ್ತೆ ಕಾರಿನಲ್ಲಿ ಕೂತು ಯಾರೊಂದಿಗೋ ಮಾತಾಡುತ್ತಿದ್ದಾರೆ. ಅವರು ಕೋಣೆಯಲ್ಲಿ ಮಲಗಿದ್ದಾರೆಂದು ನಾನು ತಿಳಿದಿದ್ದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಕಾರಿನ ಕೀ ಇರಲಿಲ್ಲ.

ಬೇಸ್‌ಮೆಂಟಿನಲ್ಲಿ ಒಂದು ಟ್ಯೂಬ್‌ಲೈಟ್ ಮಿಣುಕುತ್ತಿತ್ತು. ಕಾರಿನ ಗಾಜಿನಾಚೆ ಅತ್ತೆಯ ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಬಾಗಿಲು ತೆರೆದೆ. ಅವರು ಬೆಚ್ಚಲಿಲ್ಲ.

‘ಬಾ, ಹಿಂದೆ ಕೂತ್ಕೋ’ ಅಂದರು, ಮನೆಗೆ ಬಂದವರನ್ನು ಕರೆಯುವ ಹಾಗೆ.

ಕೂತೆ. ‘ಯಾರ ಹತ್ರ ಅತ್ತೆ ಮಾತಾಡ್ತಿದ್ರಿ?’

‘ನಮ್ಮಕ್ಕನ ಹತ್ರ.’

ಅತ್ತೆಗೆ ಅಕ್ಕ ಇದ್ದ ವಿಷಯವೇ ನನಗೆ ಗೊತ್ತಿರಲಿಲ್ಲ. ಅವರು ಆ ಪಟ್ಟಿಯಿಂದ ಕಣ್ಣು ತೆಗೆಯದೆ ಹೇಳಿದರು. ಅಕ್ಕನಿಗೆ ಗಂಡು ಗೊತ್ತಾಗಿ ನಿಶ್ಚಿತಾರ್ಥವೂ ಆಗಿತ್ತು. ಮದುವೆಗೆ ಸ್ವಲ್ಪ ಮುಂಚೆ ಜ್ವರ ಬಂತು. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ಒಂದು ಬೆಳಗ್ಗೆ ತಂಗಿ ಎದ್ದಳು, ಅಕ್ಕ ಏಳಲಿಲ್ಲ. ಸೂತಕ ಕಳೆದ ಮೇಲೆ ಹಿರಿಯರೆಲ್ಲ ಕೂತು ಮಾತಾಡಿ, ಅದೇ ಗಂಡಿಗೆ ತಂಗಿಯನ್ನು ಕೊಟ್ಟರು. ಆ ಗಂಡು ನನ್ನ ಮಾವ.

‘ಅವಳಿಗೆ ಅಂತ ತಂದ ಸೀರೇನೇ ಉಟ್ಕೊಂಡು ಹಸೆ ಮೇಲೆ ಕೂತೆ ನಾನು’ ಅಂದರು ಅತ್ತೆ. ‘ಅವಳದೊಂದು ಫೋಟೋನೂ ಇಲ್ಲ. ಮುಖಾನೇ ಮರೆತುಹೋಗಿತ್ತು ನೋಡಮ್ಮ. ಇಲ್ಲಿ ಬಂದು ಕೂತಿದ್ದಾಳೆ.’

ನಾನು ಸೀಟಿನ ಹಿಂದಿನಿಂದ ಬಗ್ಗಿ, ಅತ್ತೆಯ ತಲೆಯ ಪಕ್ಕಕ್ಕೆ ತಲೆ ತಂದು ನೋಡಿದೆ. ಕಪ್ಪಿನಲ್ಲಿ ಎರಡು ಮುಖಗಳಿದ್ದವು. ಒಂದು ನನ್ನದು. ಇನ್ನೊಂದು ಒಬ್ಬ ಹುಡುಗಿಯದು. ಸುಕ್ಕಿಲ್ಲ, ನರೆಯಿಲ್ಲ, ತುಂಬಿದ ಕೆನ್ನೆ. ಮರುಕ್ಷಣ ಬುದ್ಧಿ ಬಂತು: ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸಣ್ಣ ಗೆರೆಗಳು ಕಾಣುವುದಿಲ್ಲ, ಮಬ್ಬು ಬೆಳಕು ಬಿಳಿ ಕೂದಲನ್ನೂ ನುಂಗುತ್ತದೆ. ಅದು ಅತ್ತೆಯದೇ ಮುಖ, ವಯಸ್ಸನ್ನು ಕಳೆದುಕೊಂಡು. ಹಾಗೆಂದು ಹೇಳಲು ಬಾಯಿ ತೆರೆದೆ. ಅತ್ತೆ ಆ ಮುಖವನ್ನು ನೋಡುತ್ತಿದ್ದ ರೀತಿ ಕಂಡು ಸುಮ್ಮನಾದೆ.

ಗಂಡನಿಗೆ ಹೇಳಿದಾಗ ಅವನು ಕಂಗಾಲಾದ. ಮುಂದಿನ ವಾರ ಕಾರಿನ ಕಾಗದಪತ್ರಕ್ಕೆ ಒಂದು ಸಹಿ ಬೇಕೆಂದು ಡೆಹ್ರಾಡೂನ್‌ಗೆ ಫೋನ್ ಮಾಡಿದ್ದೆ. ಮಾತು ಮುಗಿಯುವಾಗ ತಡೆಯಲಾರದೆ ಆ ಹಿರಿಯರನ್ನು ಕೇಳಿಬಿಟ್ಟೆ: ‘ಅಂಕಲ್, ಆ ಗೀರುಗಳು ಹೇಗಾದವು?’

ಅವರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಗೀರು ಹಾಕಿದ್ದು ಅವರೇ, ಮರಳು ಕಾಗದದಿಂದ. ಅವರ ಹೆಂಡತಿ ಕಾರಿನಲ್ಲಿ ಕೂತರೆ ಆ ಪಟ್ಟಿಯನ್ನೇ ನೋಡುತ್ತಿದ್ದರಂತೆ. ಅಲ್ಲಿ ಯಾರೋ ಇದ್ದಾರೆ ಅನ್ನುತ್ತಿದ್ದರಂತೆ.

‘ಯಾರು ಅಂತ ಹೇಳಲಿಲ್ಲವಾ?’

‘ನಾನು ಕೇಳಲೇ ಇಲ್ಲ, ಬೇಟಾ. ನನಗೆ ಭಯವಾಯಿತು, ಉಜ್ಜಿಬಿಟ್ಟೆ. ಆಮೇಲೆ ಅವಳು ಆ ಕಾರು ಹತ್ತಲಿಲ್ಲ. ನನ್ನ ಜೊತೆ ಮಾತೂ ಕಡಿಮೆಯಾಯಿತು.’ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಅವರು ಫೋನ್ ಇಟ್ಟರು.

ಬೇರೆ ಮನೆಯ, ಬೇರೆ ಭಾಷೆಯ ಹೆಂಗಸು. ಅವಳಿಗೆ ಕಂಡದ್ದು ಯಾರೋ. ನನ್ನ ಬುದ್ಧಿ ಕೊಟ್ಟಿದ್ದ ವಿವರಣೆ ಆಮೇಲೂ ಸರಿಯಾಗಿಯೇ ಇತ್ತು. ಆದರೆ ಒಬ್ಬಳೇ ಬೇಸ್‌ಮೆಂಟಿಗೆ ಇಳಿಯಲು ನನಗೆ ಮನಸ್ಸಾಗುತ್ತಿರಲಿಲ್ಲ.

ಅದಾದ ಮೇಲೆ ಒಂದು ಸಂಜೆ ಮೂವರೂ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದೆವು. ದಾರಿಯಲ್ಲಿ ಮುಂದೆ ಕೂತಿದ್ದ ಅತ್ತೆ ‘ನಿಲ್ಸು, ನಿಲ್ಸೋ’ ಎಂದು ಕೂಗಿದರು. ಗಂಡ ಗಾಬರಿಯಿಂದ ಪಕ್ಕಕ್ಕೆ ಹಾಕಿದ. ಅತ್ತೆ ಬಾಗಿಲು ತೆಗೆದು ಇಳಿದು, ರಸ್ತೆಯ ಬದಿಯ ಮಂಜಿನಲ್ಲಿ ನಿಂತರು. ನಾನು ಶಾಲು ಹೊದಿಸಿದೆ.

‘ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ ಕಣಮ್ಮ. ಅವಳು ಬಿಟ್ಟಳು.’

‘ಏನಂದ್ರು?’ ಎಂದು ಕೇಳಿದೆ. ಫೋನಿನಲ್ಲಿ ಆ ಹಿರಿಯರು ಹೇಳಿದ್ದು ನೆನಪಿತ್ತು, ಕೇಳದೆ ಇರಬಾರದು ಅನ್ನಿಸಿತ್ತು.

‘“ಎದ್ದೇಳು” ಅಂದ್ಲು.’

ಮನೆಗೆ ಬರುವವರೆಗೆ ಅತ್ತೆ ನನ್ನ ಜೊತೆ ಹಿಂದೆ ಕೂತರು. ಮುಂದಿನ ಸೀಟು ಖಾಲಿ ಇತ್ತು. ಮನೆಯಲ್ಲಿ ಗಂಡ, ‘ಅಮ್ಮ, ನಾಳೆ ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿಬಿಡ್ತೀನಿ. ಮುಗೀತು’ ಅಂದ.

‘ಬೇಡ’ ಅಂದರು ಅತ್ತೆ. ಅವರು ಆಗಲೇ ಏನೋ ತೀರ್ಮಾನಿಸಿಕೊಂಡಿದ್ದರು. ‘ಅವಳು ಕೇಳಿದ್ದು ನ್ಯಾಯವೇ ಅಲ್ವೇನೋ? ಅವಳ ಜಾಗದಲ್ಲಿ ಅವಳು ಕೂತ್ಕೊಳ್ಳಲಿ. ಅವಳಿಗೂ ಊರು ತೋರಿಸು.’

ಭಾನುವಾರ ಬೆಳಗ್ಗೆ ನಾನೇ ಕಾರು ಓಡಿಸಿದೆ. ಅಮ್ಮ ಮಗ ಹಿಂದೆ. ಎಡಗಡೆಯ ಸೀಟಿನ ಮೇಲೆ ಅತ್ತೆ ತಮ್ಮ ಒಳ್ಳೆಯ ಶಾಲನ್ನು ಹಾಸಿದ್ದರು. ಇಂಡಿಯಾ ಗೇಟ್, ಕೆಂಪು ಕೋಟೆ, ಯಮುನೆಯ ಸೇತುವೆ. ಪ್ರತಿಯೊಂದು ಕಡೆ ನಿಧಾನ ಮಾಡಿಸಿ, ಎರಡು ಸೀಟಿನ ನಡುವೆ ಮುಂದಕ್ಕೆ ಬಾಗಿ ಅತ್ತೆ ಹೇಳುತ್ತಿದ್ದರು: ‘ನೋಡೇ ಅಕ್ಕ, ಪಾರಿವಾಳ ಎಷ್ಟಿವೆ. ನಮ್ಮ ಮನೆಯವರು ಒಂದ್ಸಲ ಕರ್ಕೊಂಡು ಬರ್ತೀನಿ ಅಂದಿದ್ರು, ಆಗ್ಲಿಲ್ಲ. ಮೂಗಿನ ತುದೀಲಿ ಸಿಟ್ಟು ಇತ್ತು ಅವರಿಗೆ. ನೀನಾಗಿದ್ರೆ ಏನ್ ಮಾಡ್ತಿದ್ಯೋ.’ ಮೊದಮೊದಲು ನನ್ನ ಗಂಡ ಕಿಟಕಿಯಾಚೆ ನೋಡುತ್ತ ಕೂತಿದ್ದ. ಆಮೇಲೆ ಅವನೂ ನಡುವೆ ಅಪ್ಪನ ಬಗ್ಗೆ ಒಂದೆರಡು ಮಾತು ಸೇರಿಸಿದ. ಅಷ್ಟು ಹೊತ್ತೂ ನಾನು ಎಡಕ್ಕೆ ತಿರುಗಲಿಲ್ಲ. ಗೇರು ಬದಲಿಸುವಾಗ ಆ ಕಡೆಯ ಗಾಳಿ ಬೆಚ್ಚಗಿದೆ ಅನ್ನಿಸುತ್ತಿತ್ತು. ಹೀಟರ್ ಹಾಕಿದ್ದೆವು, ಅದರಿಂದಲೇ ಇರಬೇಕು.

ಅತ್ತೆ ಊರಿಗೆ ಹೊರಟ ದಿನ ಏನೂ ಹೇಳದೆ ಮತ್ತೆ ಮುಂದಿನ ಸೀಟಿನಲ್ಲಿ ಕೂತರು. ಮಂಜು ಕರಗಿ ಬಿಸಿಲು ಬಂದಿತ್ತು. ಪಟ್ಟಿಯನ್ನು ದಿಟ್ಟಿಸಿದರು. ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡರು.

‘ಇದ್ದಾರಾ ಅತ್ತೆ?’ ಎಂದೆ ಹಿಂದಿನಿಂದ.

‘ಇದ್ದಾಳೆ’ ಅಂದರು. ‘ಅವಳಿಗೂ ವಯಸ್ಸಾಯ್ತು, ಪಾಪ.’

ಸ್ಟೇಷನ್ನಿನಲ್ಲಿ ಗಂಡ ಚೀಲಗಳನ್ನು ಇಳಿಸುತ್ತಿದ್ದ. ಅತ್ತೆ ಇಳಿದು, ಬಾಗಿಲನ್ನು ಮೆತ್ತಗೆ ಹಾಕಿ, ಹಿಂತಿರುಗಿ ನೋಡದೆ ಜನರ ನಡುವೆ ನಡೆದರು.