ರಿಕ್ಷಾದಲ್ಲಿ ಗೊತ್ತಾದ ಅಕ್ಕ

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನು ಸಂಪಾಜೆಯಲ್ಲಿ ರಿಕ್ಷಾ ಓಡಿಸುವವನು. ಅಮ್ಮನ ಬಿ.ಪಿ. ಮಾತ್ರೆ ಮುಗಿದಿತ್ತೆಂದು ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಸುಳ್ಯಕ್ಕೆ ಹೊರಟಿದ್ದೆ. ದಾರಿಯಲ್ಲಿ ಸೆಲ್ವಿ ಕೈ ಅಡ್ಡ ಹಿಡಿದಳು. ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ತಮಿಳು ಕುಟುಂಬದವಳು, ನಮಗೆ ಪರಿಚಯ. ಹೆಗಲ ಮೇಲೆ ಎರಡು ವರ್ಷ ದಾಟಿದ ಮಗಳು ಕಾವ್ಯ.

"ಅರಂತೋಡಿಗೆ, ಅತ್ತೆ ಮನೆಗೆ ಬಿಡ್ತೀರಾ ಅಣ್ಣ?" ಎಂದಳು.

ಹತ್ತಿ ಕೂತಾಗ ಮಗುವಿನ ಮುಖದ ಮೇಲಿದ್ದ ಬಟ್ಟೆ ಜಾರಿತು. ಮೈಯೆಲ್ಲ ಕೆಂಪು ಗುಳ್ಳೆ, ಕಣ್ಣಲ್ಲಿ ಪಿಸುರು. ಮಗು ಏದುಸಿರು ಬಿಡುತ್ತಿತ್ತು.

"ಇದು ದಡಾರ ಅಲ್ವಾ? ಇಂಜೆಕ್ಷನ್ ಹಾಕಿಸಿರ್ಲಿಲ್ವಾ?" ಅಮ್ಮ ಕೇಳಿದರು.

"ಲಾಕ್‌ಡೌನಲ್ಲಿ ತಪ್ಪಿಹೋಯ್ತು ಅಮ್ಮ. ಮತ್ತೆ ಹಾಗೇ ಉಳೀತು. ದೇವಿ ಬಂದದ್ದು, ಮದ್ದು ಕೊಡ್ಲಿಕ್ಕಿಲ್ಲ, ಇಲ್ಲಿಗೆ ಕರ್ಕೊಂಡು ಬಾ ಅಂತ ಅತ್ತೆ ಫೋನ್ ಮಾಡಿದ್ರು."

ಅಮ್ಮ ಮಗುವಿನ ಮುಖದ ಬಟ್ಟೆ ಸರಿ ಮಾಡಿದರು. ಆಮೇಲೆ ಸೆಲ್ವಿಗೆ ಮೆಲ್ಲಗೆ ಹೇಳಿದರು: "ನಾನೂ ಹಾಗೇ ಮಾಡಿದ್ದು ಮಗಾ. ಬೇವಿನ ಸೊಪ್ಪು ಹಾಸಿ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದೆ. ಮೊದಲು ಕಣ್ಣಿಗೆ ಬಿಳಿ ಪೊರೆ ಕೂತಿತು. ಆಮೇಲೆ ಮಗಳೇ ಹೋದ್ಳು. ಇವ ಆಗ ಹುಟ್ಟಿರ್ಲಿಲ್ಲ."

ನನಗೆ ಗೊತ್ತಿಲ್ಲದೆಯೇ ಬ್ರೇಕ್ ಒತ್ತಿದ್ದೆ. ನಾನು ಒಬ್ಬನೇ ಮಗ ಎಂದೇ ಬೆಳೆದವನು. ತಿರುಗಿ ನೋಡಿದರೆ ಅಮ್ಮ ನನ್ನ ಕಡೆ ನೋಡಲಿಲ್ಲ. ಕಾವ್ಯಳ ಪಾದ ಹಿಡಿದುಕೊಂಡಿದ್ದರು.

ಅರಂತೋಡು ಬಂತು. ವೇಗ ಕಡಿಮೆ ಮಾಡಿದೆ. ಸೆಲ್ವಿಯ ಫೋನ್ ಬಡಿದುಕೊಳ್ಳುತ್ತಿತ್ತು. ಅವಳು ಅದನ್ನು ಎತ್ತಲಿಲ್ಲ.

"ನಿಲ್ಲಿಸ್ಬೇಡಿ ಅಣ್ಣ. ಸುಳ್ಯ ಆಸ್ಪತ್ರೆಗೇ ಹೋಗುವ" ಎಂದಳು.

ದಡಾರದ ಜೊತೆ ನ್ಯುಮೋನಿಯಾ ಕೂಡ ಶುರುವಾಗಿತ್ತು. ಡಾಕ್ಟರಮ್ಮ ಕೂಡಲೇ ಅಡ್ಮಿಟ್ ಮಾಡಿಕೊಂಡು ಕಾವ್ಯಳ ಬಾಯಿಗೆ ಅರಿಶಿನ ಬಣ್ಣದ ವಿಟಮಿನ್ ಎ ಮದ್ದು ಹಾಕಿದರು. ನಾಳೆ ಇನ್ನೊಮ್ಮೆ ಕೊಡುದು ಉಂಟು ಎಂದರು.

"ಕಣ್ಣು ಉಳೀತದಾ ಡಾಕ್ಟ್ರೆ?" ಅಮ್ಮ ಕೇಳಿದರು.

"ಕಣ್ಣಿಗೂ ಜೀವಕ್ಕೂ ಇದೇ ದೊಡ್ಡ ಬಲ. ಬೇಗ ತಂದಿದ್ದೀರಿ, ಹೆದರ್ಬೇಡಿ."

ಅಮ್ಮನ ಮಾತ್ರೆ ತೆಗೆದುಕೊಂಡು ನಾವಿಬ್ಬರೂ ಮನೆಗೆ ಹಿಂದೆ ಬಂದೆವು. ಅಂಗಳದಲ್ಲಿ ರಿಕ್ಷಾ ನಿಲ್ಲಿಸಿದ ಮೇಲೆ ಕೇಳಿದೆ: "ಅಕ್ಕನ ಹೆಸರೆಂತ ಅಮ್ಮ?"

"ಕುಸುಮ" ಎಂದರು. ಅಷ್ಟು ವರ್ಷ ಒಳಗೇ ಇಟ್ಟುಕೊಂಡ ಹೆಸರು. ಹೇಳಿ ಅಲ್ಲೇ ಸೀಟಿನಲ್ಲಿ ಕೂತು ಅತ್ತರು. ನಾನೂ ಪಕ್ಕದಲ್ಲಿ ಕೂತೆ.

ಕಾವ್ಯ ಗುಣವಾಗಿ ಮನೆಗೆ ಬಂದಳು. ಕಣ್ಣಿಗೆ ಏನೂ ಆಗಲಿಲ್ಲ. ಆರೋಗ್ಯ ಇಲಾಖೆಯವರು ರಬ್ಬರ್ ತೋಟದ ಕೆಲಸದವರ ಲೈನ್ ಮನೆಗಳಿಗೆ ಬಂದು, ಲಸಿಕೆ ತಪ್ಪಿದ್ದ ಮಕ್ಕಳಿಗೆಲ್ಲ ಹಾಕಿದರು. ಹಿಂದೇಟು ಹಾಕಿದವರ ಮನೆಗೆ ಅಮ್ಮ, ಸೆಲ್ವಿ ಒಟ್ಟಿಗೆ ಹೋದರು. ಸೆಲ್ವಿಯ ಅತ್ತೆಯೂ ತಮ್ಮ ಕಿರಿಯ ಮೊಮ್ಮಗನನ್ನು ತಾವೇ ಎತ್ತಿಕೊಂಡು ಬಂದಿದ್ದರು.

ಈಗಲೂ ಇಂಜೆಕ್ಷನ್ ದಿನ ಲೈನ್ ಮನೆಯ ಮಕ್ಕಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಬರುವಾಗ ಸೂಜಿ ನೋವಿಗೆ ಎಲ್ಲವೂ ಒಟ್ಟಿಗೆ ಅತ್ತು ಬೊಬ್ಬೆ ಹೊಡೆಯುತ್ತವೆ. "ಎಂತ ಮಾರಾಯ, ಕಿವಿ ಹೋಗುದಿಲ್ವಾ ನಿನ್ಗೆ?" ಎಂದು ರಿಕ್ಷಾ ಸ್ಟ್ಯಾಂಡಿನವರು ನಗುತ್ತಾರೆ. ಅಕ್ಕ ಅಳುವುದನ್ನು ಕೇಳುವ ಭಾಗ್ಯ ನನಗಿರಲಿಲ್ಲ. ಈ ಮಕ್ಕಳು ಗಟ್ಟಿಯಾಗಿ ಅಳುವಾಗ ನನಗೆ ಏನೋ ಸಮಾಧಾನ.